ನೀರು ಬೆರೆಸಿದರೆ ದ್ರಾವಣದ ಪಿಎಚ್ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ತರಗತಿಯಲ್ಲಿ, ಪತ್ರಗಳಲ್ಲಿ, ತೋಟದ ಬದಿಯ ಮಾತುಕತೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಯಾವ ಪ್ರಶ್ನೆಯಾದರೂ ಮೊದಲು ನೋಡಬೇಕಾದ್ದು ಎರಡು: ದ್ರಾವಣದಲ್ಲಿ ಏನಿದೆ, ಬೆರೆಸುವ ನೀರಿನಲ್ಲಿ ಏನಿದೆ. ಎಷ್ಟು ನೀರು ಎಂಬುದು ಆಮೇಲಿನ ಮಾತು. ಬೇರೆ ಹೇಳದ ಕಡೆ ಲೆಕ್ಕಗಳೆಲ್ಲ 25 ಡಿಗ್ರಿ ಸೆಲ್ಸಿಯಸ್‌ಗೆ ಮತ್ತು ಬಟ್ಟಿ ಇಳಿಸಿದ ನೀರಿಗೆ.

## ಶುರುವಿನ ಪ್ರಶ್ನೆಗಳು

ಆಮ್ಲಕ್ಕೆ ನೀರು ಹಾಕಿದ್ರೆ ಪಿಎಚ್ ಏರುತ್ತಾ, ಇಳಿಯುತ್ತಾ? ಪ್ರತಿ ಸಲ ಗೊಂದಲ ಆಗುತ್ತೆ.

ಆಮ್ಲದ ಪಿಎಚ್ ಏರುತ್ತದೆ, ಕ್ಷಾರದ ಪಿಎಚ್ ಇಳಿಯುತ್ತದೆ. ಎರಡೂ 7ರ ಕಡೆಗೇ ಸಾಗುತ್ತವೆ.

ಗೊಂದಲ ಹುಟ್ಟುವುದು ಅಳತೆ ತಲೆಕೆಳಗಾಗಿರುವುದರಿಂದ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸೆನ್ ಈ ಅಳತೆಯನ್ನು ರೂಪಿಸಿದಾಗ, ಹೈಡ್ರೋಜನ್ ಅಯಾನುಗಳ ಸಾರತೆಯ ಲಾಗರಿದಮ್‌ ತೆಗೆದು ಅದರ ಚಿಹ್ನೆಯನ್ನು ಬದಲಿಸಿದರು. ಹಾಗಾಗಿ ಅಯಾನುಗಳು ಹೆಚ್ಚಿದ್ದಷ್ಟೂ ಪಿಎಚ್ ಕಡಿಮೆ. ನೀರು ಹಾಕಿದಾಗ ಅಷ್ಟೇ ಅಯಾನುಗಳು ಹೆಚ್ಚು ಜಾಗದಲ್ಲಿ ಹರಡಿಕೊಳ್ಳುತ್ತವೆ, ಸಾರತೆ ತಗ್ಗುತ್ತದೆ, ಪಿಎಚ್ ಅಂಕಿ ಮೇಲೇರುತ್ತದೆ.

ಎರಡು ಪಟ್ಟು ನೀರಾದರೆ ಪಿಎಚ್ ಕೂಡ ಎರಡು ಪಟ್ಟು ಆಗಬೇಕಲ್ವಾ?

ಆಗುವುದಿಲ್ಲ. ಪಿಎಚ್‌ನ ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು ವ್ಯತ್ಯಾಸ. ಹೈಡ್ರೋಕ್ಲೋರಿಕ್ ಆಮ್ಲದಂಥ ಪ್ರಬಲ ಆಮ್ಲವನ್ನು (ನೀರಿನಲ್ಲಿ ಪೂರ್ತಿ ಒಡೆಯುವಂಥದ್ದು) ಎರಡು ಪಟ್ಟು ಸಾರರಿಕ್ತ ಮಾಡಿದರೆ, ಅಂದರೆ ನೀರು ಬೆರೆಸಿ ತೆಳುವಾಗಿಸಿದರೆ, ಪಿಎಚ್ ಏರುವುದು 0.30 ಮಾತ್ರ. ಹತ್ತು ಪಟ್ಟಿಗೆ 1, ನೂರು ಪಟ್ಟಿಗೆ 2. ಪಿಎಚ್ 2ರ ಒಂದು ಲೀಟರ್ ಆಮ್ಲವನ್ನು 3ಕ್ಕೆ ತರಲು 9 ಲೀಟರ್ ನೀರು ಸಾಕು. 5ಕ್ಕೆ ತರಲು 999 ಲೀಟರ್ ಬೇಕು.

ಇದೇ ಕಾರಣಕ್ಕೆ ಎರಡು ದ್ರಾವಣ ಬೆರೆಸಿದಾಗ ಪಿಎಚ್‌ಗಳ ಸರಾಸರಿ ತೆಗೆಯಬಾರದು. ಪಿಎಚ್ 2 ಮತ್ತು ಪಿಎಚ್ 4ರ ಹೈಡ್ರೋಕ್ಲೋರಿಕ್ ಆಮ್ಲಗಳನ್ನು ಸಮಸಮ ಬೆರೆಸಿದರೆ ಬರುವುದು 3 ಅಲ್ಲ, 2.30. ಮೊದಲು ಸಾರತೆಗಳನ್ನು ಕೂಡಿಸಿ ಭಾಗಿಸಬೇಕು, ಲಾಗ್ ತೆಗೆಯುವುದು ಕೊನೆಗೆ.

ಹತ್ತು ಪಟ್ಟು ಸಾರರಿಕ್ತ ಅಂದ್ರೆ 10 ಮಿ.ಲೀ.ಗೆ 100 ಮಿ.ಲೀ. ನೀರು ಹಾಕೋದಾ?

ಅಲ್ಲ. 10 ಮಿ.ಲೀ. ದ್ರಾವಣವನ್ನು ನೀರು ಸೇರಿಸಿ ಒಟ್ಟು 100 ಮಿ.ಲೀ. ಮಾಡುವುದು, ಅಂದರೆ ಸುಮಾರು 90 ಮಿ.ಲೀ. ನೀರು. 100 ಮಿ.ಲೀ. ಹಾಕಿದರೆ ಅದು ಹನ್ನೊಂದು ಪಟ್ಟಾಯಿತು, 2.00 ಬರಬೇಕಾದಲ್ಲಿ 2.04 ಬರುತ್ತದೆ. ಒಂದು ಸಲಕ್ಕೆ ಇದು ಚಿಕ್ಕ ತಪ್ಪು, ಆದರೆ ಸಾಲಾಗಿ ಐದು ಸಲ ಮಾಡಿದರೆ 0.2 ಆಗಿಬಿಡುತ್ತದೆ.

ಸರಿಯಾದ ವಿಧಾನ: 10 ಮಿ.ಲೀ. ಪಿಪೆಟ್‌ಅನ್ನು ಮೊದಲು ಅದೇ ದ್ರಾವಣದಿಂದ ತೊಳೆದುಕೊಳ್ಳಿ. ಅಳೆದು 100 ಮಿ.ಲೀ. ಪ್ರಮಾಣಿತ ಫ್ಲಾಸ್ಕಿಗೆ ಬಿಡಿ. ಗುರುತಿನವರೆಗೆ ಬಟ್ಟಿ ಇಳಿಸಿದ ನೀರು ತುಂಬಿ, ಮುಚ್ಚಳ ಹಾಕಿ ಹತ್ತಾರು ಸಲ ತಲೆಕೆಳಗು ಮಾಡಿ ಕಲಸಿ. ಈ ಕಲಸುವ ಕೆಲಸವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಫ್ಲಾಸ್ಕಿನ ಕತ್ತಿನಲ್ಲಿ ಬರೀ ನೀರು, ತಳದಲ್ಲಿ ಗಟ್ಟಿ ಆಮ್ಲ ಉಳಿದರೆ ಮುಂದಿನ ಎಲ್ಲ ಹಂತಗಳೂ ಕೆಡುತ್ತವೆ.

ಗಟ್ಟಿ ಆಮ್ಲಕ್ಕೆ ನೀರು ಹಾಕಬಾರದು ಅಂತಾರೆ. ನಿಜಾನಾ?

ಖಂಡಿತ ನಿಜ. ಯಾವಾಗಲೂ ನೀರಿಗೆ ಆಮ್ಲ ಹಾಕಬೇಕು. ಆಮ್ಲಕ್ಕೆ ನೀರು ಹಾಕಬಾರದು. ಸಲ್ಫ್ಯೂರಿಕ್ ಆಮ್ಲದಲ್ಲಂತೂ ಇದಕ್ಕೆ ವಿನಾಯಿತಿಯೇ ಇಲ್ಲ. ಆಮ್ಲ ನೀರಿಗಿಂತ ಭಾರ, ಶೇ. 98ರ ಆಮ್ಲದ ಸಾಂದ್ರತೆ 1.84. ಮೇಲೆ ಸುರಿದ ನೀರು ಮೇಲೆಯೇ ನಿಂತು, ಬೆರೆಯುವ ಜಾಗದಲ್ಲಿ ಹುಟ್ಟುವ ಬಿಸಿಗೆ ಕುದಿದು, ಆಮ್ಲವನ್ನು ಮುಖಕ್ಕೆ ಎರಚುತ್ತದೆ. ನೀರಿಗೆ ಆಮ್ಲ ಹಾಕಿದರೆ ಅದು ತಳಕ್ಕಿಳಿಯುತ್ತಾ ಬೆರೆಯುತ್ತದೆ, ಬಿಸಿಯನ್ನು ಹೀರಿಕೊಳ್ಳಲು ಬೇಕಾದಷ್ಟು ನೀರಿರುತ್ತದೆ.

0.1 ಮೋಲಾರ್ (ಲೀಟರಿಗೆ 0.1 ಮೋಲ್) ಹೈಡ್ರೋಕ್ಲೋರಿಕ್ ಆಮ್ಲ ಒಂದು ಲೀಟರ್ ಬೇಕಿದ್ದರೆ: ಫ್ಲಾಸ್ಕಿನಲ್ಲಿ ಮೊದಲು ಅರ್ಧ ಲೀಟರ್ ನೀರು, ಅದಕ್ಕೆ ಶೇ. 37ರ ಆಮ್ಲ 8.3 ಮಿ.ಲೀ. ನಿಧಾನವಾಗಿ, ತಣಿದ ಮೇಲೆ ಗುರುತಿನವರೆಗೆ ನೀರು. ಬಿಸಿಯಿರುವಾಗಲೇ ಗುರುತಿಗೆ ತುಂಬಿದರೆ ತಣಿದಾಗ ಮಟ್ಟ ಕೆಳಗಿಳಿಯುತ್ತದೆ. ಕನ್ನಡಕ, ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಮಾಡಿ.

ಆಮ್ಲಕ್ಕೆ ನೀರು ಹಾಕ್ತಾ ಹೋದ್ರೆ ಯಾವಾಗಲಾದ್ರೂ ಕ್ಷಾರ ಆಗುತ್ತಾ? ಪಿಎಚ್ 6 ಇರೋದನ್ನ ಸಾವಿರ ಪಟ್ಟು ಮಾಡಿದ್ರೆ 9 ಬರಬೇಕಲ್ಲ!

ಪಿಯುಸಿ ಪರೀಕ್ಷೆಗೆ ಓದುವವರು ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ ಇದು. ಎಷ್ಟೇ ನೀರು ಹಾಕಿದರೂ ಆಮ್ಲ 7ನ್ನು ದಾಟುವುದಿಲ್ಲ. 'ಹತ್ತು ಪಟ್ಟಿಗೆ ಒಂದು ಮೆಟ್ಟಿಲು' ಎಂಬ ನಿಯಮ ಆಮ್ಲದಿಂದ ಬಂದ ಅಯಾನುಗಳನ್ನು ಮಾತ್ರ ಎಣಿಸುತ್ತದೆ. ಆದರೆ ನೀರು ತಾನೇ ತುಸು ಒಡೆದು, ಲೀಟರಿಗೆ 10⁻⁷ ಮೋಲ್‌ನಷ್ಟು ಹೈಡ್ರೋಜನ್ ಅಯಾನುಗಳನ್ನು ಕೊಡುತ್ತದೆ. ಆಮ್ಲ ಗಟ್ಟಿಯಿರುವಾಗ ಈ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಪಿಎಚ್ 6 ದಾಟಿದ ಮೇಲೆ ಅದನ್ನು ಬಿಟ್ಟರೆ ಲೆಕ್ಕವೇ ತಪ್ಪು.

ಪ್ರಬಲ ಆಮ್ಲದ ಸಾರತೆಯನ್ನು 'ಸಿ' ಎಂದುಕೊಂಡರೆ, ಹೈಡ್ರೋಜನ್ ಅಯಾನುಗಳ ಸಾರತೆ ಸಿಗುವುದು ಹೀಗೆ: ಸಿಯ ವರ್ಗಕ್ಕೆ 4 × 10⁻¹⁴ ಕೂಡಿಸಿ, ವರ್ಗಮೂಲ ತೆಗೆದು, ಅದಕ್ಕೆ ಸಿ ಕೂಡಿಸಿ, ಎರಡರಿಂದ ಭಾಗಿಸಿ. 10⁻⁷ ಮೋಲಾರ್ ಆಮ್ಲಕ್ಕೆ ಪಿಎಚ್ 6.79 ಬರುತ್ತದೆ, 10⁻⁸ಕ್ಕೆ 6.98. ಪ್ರಶ್ನೆಯಲ್ಲಿ ಕೇಳಿದ ದ್ರಾವಣಕ್ಕೆ 6.998.

## ಮನೆ, ತೋಟ, ಬೋರ್‌ವೆಲ್

ಪ್ರಯೋಗಾಲಯದಲ್ಲಿ ಸರಿ ಬರುತ್ತೆ, ಮನೇಲಿ ಬೋರ್‌ವೆಲ್ ನೀರಲ್ಲಿ ಮಾಡಿದ್ರೆ ಲೆಕ್ಕಾನೇ ಹೊಂದಲ್ಲ. ಯಾಕೆ?

ಬೋರ್‌ವೆಲ್ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಆಮ್ಲವನ್ನು ತಿಂದುಹಾಕುತ್ತದೆ. ಇಲ್ಲಿ ನಡೆಯುವುದು ಬರೀ ಸಾರರಿಕ್ತಗೊಳಿಸುವುದಲ್ಲ, ಜೊತೆಗೆ ತಟಸ್ಥೀಕರಣವೂ ನಡೆಯುತ್ತದೆ. ನೀರಿನ ಪರೀಕ್ಷಾ ವರದಿಯಲ್ಲಿ ಪಿಎಚ್ ಜೊತೆಗೆ 'ಒಟ್ಟು ಕ್ಷಾರೀಯತೆ' ಎಂಬ ಸಾಲನ್ನೂ ನೋಡಿ. ಗಡಸು ನೀರಿನ ಊರುಗಳಲ್ಲಿ ನಿಜವಾಗಿ ಕೆಲಸ ಮಾಡುವ ಅಂಕಿ ಅದೇ.

ಒಂದು ಲೆಕ್ಕ ಹಿಡಿದು ನೋಡೋಣ. ಕ್ಷಾರೀಯತೆ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಲೀಟರಿಗೆ 300 ಮಿ.ಗ್ರಾಂ ಇದೆ ಎಂದುಕೊಳ್ಳಿ. ಅಂದರೆ ಲೀಟರಿಗೆ 6 ಮಿಲಿಮೋಲ್ ಆಮ್ಲವನ್ನು ತಡೆಯುವ ಶಕ್ತಿ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 10 ಮಿ.ಲೀ. ತೆಗೆದುಕೊಂಡರೆ ಅದರಲ್ಲಿ 1 ಮಿಲಿಮೋಲ್ ಆಮ್ಲವಿದೆ. ಬೆರೆಸುವ 90 ಮಿ.ಲೀ. ನೀರು 0.54 ಮಿಲಿಮೋಲ್ ತಿನ್ನುತ್ತದೆ, ಉಳಿಯುವುದು 0.46. ಪಿಎಚ್ 2.0 ಬರಬೇಕಾದಲ್ಲಿ 2.3 ಬರುತ್ತದೆ. ಈಗ ಅದರಿಂದ 10 ಮಿ.ಲೀ. ತೆಗೆದು ಮತ್ತೆ ಅದೇ ನೀರಿನಲ್ಲಿ 100 ಮಾಡಿ. ಉಳಿದಿದ್ದ ಆಮ್ಲ 0.046 ಮಿಲಿಮೋಲ್ ಮಾತ್ರ, ನೀರಿನ ಶಕ್ತಿ 0.54. ಆಮ್ಲ ಪೂರ್ತಿ ಮುಗಿಯಿತು. ಪಿಎಚ್ 3 ಎಂದು ಕಾಯುತ್ತಿದ್ದವರಿಗೆ ಮೀಟರ್ 7ರ ಸುತ್ತಮುತ್ತ ತೋರಿಸುತ್ತದೆ. ಹಾಗೇ ಕಲಕುತ್ತಾ ಇದ್ದರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಇನ್ನೂ ಏರುತ್ತದೆ.

ಶಾಲೆಯಲ್ಲಿ ಈ ಪ್ರಯೋಗ ಮಾಡಿಸುವವರು ದಯವಿಟ್ಟು ನಲ್ಲಿ ನೀರು ಬಳಸಬೇಡಿ. ಮಕ್ಕಳು ಸರಿಯಾಗಿಯೇ ಅಳೆದಿರುತ್ತಾರೆ, ಉತ್ತರ ಹೊಂದದಿದ್ದಾಗ ತಮ್ಮ ಕೈಯೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು, ದುಬಾರಿಯೂ ಅಲ್ಲ.

ನಿಂಬೆ ರಸಕ್ಕೆ ಒಂದು ಲೋಟ ನೀರು ಹಾಕಿದ್ರೆ ಆಮ್ಲ ಹೋಗಿಬಿಡುತ್ತಾ?

ಇದ್ದ ಆಮ್ಲವೆಲ್ಲ ಲೋಟದಲ್ಲೇ ಇರುತ್ತದೆ, ಹರಡಿಕೊಂಡಿರುತ್ತದೆ ಅಷ್ಟೇ. ನಿಂಬೆ ರಸದ ಪಿಎಚ್ 2ಕ್ಕಿಂತ ಸ್ವಲ್ಪ ಮೇಲೆ. ಹತ್ತು ಪಟ್ಟು ಸಾರರಿಕ್ತ ಮಾಡಿದರೂ, ಶುದ್ಧ ನೀರಾದರೆ, 3ರ ಒಳಗೇ ಉಳಿಯುತ್ತದೆ. ಅದರಲ್ಲಿರುವ ಸಿಟ್ರಿಕ್ ಆಮ್ಲ ದುರ್ಬಲ ಆಮ್ಲ, ಪೂರ್ತಿ ಒಡೆದಿರುವುದಿಲ್ಲ. ನೀರು ಹಾಕಿದಂತೆ ಇನ್ನಷ್ಟು ಒಡೆಯುತ್ತದೆ. ನಾಲಿಗೆಗೆ ಹುಳಿ ಕಡಿಮೆ ಅನಿಸುವುದು ಒಂದು ಗುಟುಕಿನಲ್ಲಿ ಬರುವ ಆಮ್ಲದ ಒಟ್ಟು ಪ್ರಮಾಣ ಹತ್ತನೇ ಒಂದಾಗುವುದರಿಂದ. ಲೋಟದಲ್ಲಿರುವ ಅಷ್ಟೂ ಆಮ್ಲವನ್ನು ತಟಸ್ಥಗೊಳಿಸಲು ಬೇಕಾದ ಸೋಡಾ ಪುಡಿ ನೀರು ಹಾಕುವ ಮೊದಲೂ ಅಷ್ಟೇ, ಆಮೇಲೂ ಅಷ್ಟೇ.

ಮೊಸರನ್ನು ಮಜ್ಜಿಗೆ ಮಾಡಿದಾಗಲೂ ಪಿಎಚ್ ಹೆಚ್ಚೇನೂ ಕದಲುವುದಿಲ್ಲ. ಅಲ್ಲಿ ಲ್ಯಾಕ್ಟಿಕ್ ಆಮ್ಲದ ಜೊತೆ ಅದರ ಲವಣಗಳೂ ಪ್ರೋಟೀನೂ ಸೇರಿ ಬಫರ್‌ನಂತೆ (ಪಿಎಚ್ ಸುಲಭವಾಗಿ ಬದಲಾಗದಂತೆ ತಡೆಯುವ ದ್ರಾವಣದಂತೆ) ಹಿಡಿದಿಟ್ಟಿರುತ್ತವೆ.

ಸುಣ್ಣದ ನೀರಿಗೆ ಎಷ್ಟು ನೀರು ಸುರಿದರೂ ಪಿಎಚ್ 12ರಿಂದ ಇಳೀತಾನೇ ಇಲ್ಲ. ಮೀಟರ್ ಕೆಟ್ಟಿದೆಯಾ?

ಮೀಟರ್ ಸರಿಯಾಗಿಯೇ ಇದೆ. ಪಾತ್ರೆಯ ತಳದಲ್ಲಿ ಕರಗದ ಸುಣ್ಣ ಕೂತಿದೆಯಾ ನೋಡಿ. ಸುಣ್ಣ ಲೀಟರ್ ನೀರಿಗೆ ಸುಮಾರು 1.7 ಗ್ರಾಂ ಮಾತ್ರ ಕರಗುತ್ತದೆ, ಆಗ ಪಿಎಚ್ 12.4ರಷ್ಟು. ನೀರು ಹಾಕಿದ ಕೂಡಲೇ ತಳದ ಸುಣ್ಣ ಇನ್ನಷ್ಟು ಕರಗಿ ಜಾಗ ತುಂಬುತ್ತದೆ. ತಳದ್ದು ಪೂರ್ತಿ ಕರಗುವವರೆಗೂ ಅಂಕಿ ಕದಲದು. ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಂಡು ಹತ್ತು ಪಟ್ಟು ಮಾಡಿ ನೋಡಿ, ಹೆಚ್ಚುಕಡಿಮೆ ಒಂದು ಮೆಟ್ಟಿಲು ಇಳಿಯುತ್ತದೆ.

ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣ ಹುಳಿ ಇದೆ ಅಂತ ಗೊತ್ತಾದ್ರೆ ಇನ್ನಷ್ಟು ನೀರು ಹಾಕಿ ಸರಿಮಾಡಬಹುದಾ?

ಬೇಡ. ಶೇ. 1ರ ಬೋರ್ಡೋ ಎಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತದ ದ್ರಾವಣ ಒಂದೇ ಇದ್ದಾಗ ಪಿಎಚ್ 4ರಿಂದ 5ರ ನಡುವೆ ಇರುತ್ತದೆ. ಅದನ್ನು ತಟಸ್ಥ ಅಥವಾ ತುಸು ಕ್ಷಾರದ ಕಡೆಗೆ ತರುವುದು ಸುಣ್ಣದ ಕೆಲಸ. ದ್ರಾವಣ ಹುಳಿಯಾಗಿದೆ ಎಂದರೆ ಸುಣ್ಣ ಸಾಲದು ಅಥವಾ ಹಳೆಯದಾಗಿ ಸತ್ವ ಕಳೆದುಕೊಂಡಿದೆ, ತಾಮ್ರ ಬಿಡಿಯಾಗಿ ಉಳಿದಿದೆ ಎಂದರ್ಥ. ಆ ಬಿಡಿ ತಾಮ್ರವೇ ಹಿಂಗಾರ, ಎಳೆಕಾಯಿಗಳನ್ನು ಸುಡುವುದು. ನೀರು ಸುರಿದರೆ ಅದು ಹೋಗುವುದಿಲ್ಲ. ಕೊಳೆರೋಗ ತಡೆಯಬೇಕಾದ ಮೈಲುತುತ್ತದ ಪ್ರಮಾಣ ಮಾತ್ರ ಶೇ. 1ಕ್ಕಿಂತ ಕೆಳಗಿಳಿಯುತ್ತದೆ.

ಹೊಳೆಯುವ ಹಾಗೆ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದೆರಡು ನಿಮಿಷ ಅದ್ದಿ. ಕೆಂಪು ಲೇಪ ಕೂತರೆ ಸುಣ್ಣದ ತಿಳಿಹಾಲನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ, ಲೇಪ ನಿಲ್ಲುವವರೆಗೆ ಮತ್ತೆ ಮತ್ತೆ ಪರೀಕ್ಷಿಸಿ. ಪಿಎಚ್ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು.

ಉಳಿದ ಆಮ್ಲಕ್ಕೆ ಬೇಕಾದಷ್ಟು ನೀರು ಬಿಟ್ಟು ಚರಂಡಿಗೆ ಹಾಕಿದ್ರೆ ಆಯ್ತಲ್ಲ?

ಲೆಕ್ಕ ಹಾಕಿದರೆ ಇದು ಎಷ್ಟು ದುಂದು ಎಂದು ಗೊತ್ತಾಗುತ್ತದೆ. ನಮ್ಮ ದೇಶದ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಹೊರಬಿಡುವ ತ್ಯಾಜ್ಯ ನೀರಿನ ಪಿಎಚ್ 5.5ರಿಂದ 9.0ರ ಒಳಗಿರಬೇಕು. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಒಂದೇ ಒಂದು ಲೀಟರನ್ನು ಶುದ್ಧ ನೀರಿನಿಂದಲೇ 5.5ಕ್ಕೆ ತರಲು ಮೂವತ್ತೊಂದು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ಅದೇ ಕೆಲಸಕ್ಕೆ 8.4 ಗ್ರಾಂ ಅಡುಗೆ ಸೋಡಾ ಸಾಕು. ನೊರೆ ಉಕ್ಕದಂತೆ ದೊಡ್ಡ ಪಾತ್ರೆಯಲ್ಲಿ ಚೂರುಚೂರೇ ಹಾಕಿ, ನೊರೆ ನಿಂತ ಮೇಲೆ ಪಿಎಚ್ ನೋಡಿ ಚೆಲ್ಲಿ. ಆಮ್ಲದ ಜೊತೆ ಸೀಸ, ಕ್ರೋಮಿಯಂನಂಥ ಲೋಹಗಳಿದ್ದರೆ ಪಿಎಚ್ ಸರಿಹೋದ ಮಾತ್ರಕ್ಕೆ ಚೆಲ್ಲುವ ಹಾಗಿಲ್ಲ.

ಇನ್ನೊಂದು ಎಚ್ಚರಿಕೆ: ಬ್ಲೀಚಿಂಗ್ ದ್ರಾವಣವನ್ನು ಆಮ್ಲದಿಂದ 'ತಟಸ್ಥ' ಮಾಡಲು ಎಂದೂ ಹೋಗಬೇಡಿ. ಶೌಚಾಲಯ ತೊಳೆಯುವ ಆಮ್ಲ ಅದಕ್ಕೆ ತಾಗಿದರೆ ಕ್ಲೋರಿನ್ ಅನಿಲ ಹೊರಡುತ್ತದೆ.

## ಇನ್ನೂ ಆಳಕ್ಕೆ

ವಿನಿಗರ್ ಹತ್ತು ಪಟ್ಟು ಮಾಡಿದ್ರೂ ಪಿಎಚ್ ಅರ್ಧ ಮೆಟ್ಟಿಲು ಮಾತ್ರ ಏರಿತು. ಎಲ್ಲಿ ತಪ್ಪಾಯ್ತು?

ತಪ್ಪಾಗಿಲ್ಲ, ಸರಿಯಾಗಿ ಅಳೆದಿದ್ದೀರಿ. ವಿನಿಗರ್‌ನಲ್ಲಿರುವುದು ಅಸಿಟಿಕ್ ಆಮ್ಲ. ಅದರ ಅಣುಗಳಲ್ಲಿ ಬಹುಪಾಲು ಒಡೆಯದೆ ಇಡಿಯಾಗಿಯೇ ಇರುತ್ತವೆ. ನೀರು ಹೆಚ್ಚಾದಂತೆ ಒಡೆಯುವ ಅಣುಗಳ ಪಾಲು ಹೆಚ್ಚುತ್ತದೆ, ಕಳೆದುಹೋದ ಅಯಾನುಗಳನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ. 1888ರಲ್ಲಿ ರಸಾಯನಶಾಸ್ತ್ರಜ್ಞ ಆಸ್ಟ್‌ವಾಲ್ಡ್ ಕೊಟ್ಟ ನಿಯಮ ಹೇಳುವುದು ಇದನ್ನೇ.

| ಸಾರತೆ (ಮೋಲಾರ್) | ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ | ಅಸಿಟಿಕ್ ಆಮ್ಲದ ಪಿಎಚ್ | ಒಡೆದ ಅಸಿಟಿಕ್ ಆಮ್ಲ (ಶೇ.) |
|---|---|---|---|
| 0.1 | 1.0 | 2.88 | 1.3 |
| 0.01 | 2.0 | 3.39 | 4.1 |
| 0.001 | 3.0 | 3.91 | 12.4 |

ದುರ್ಬಲ ಆಮ್ಲಕ್ಕೆ ಹತ್ತು ಪಟ್ಟಿಗೆ ಅರ್ಧ ಮೆಟ್ಟಿಲು ಎಂಬುದು ಒಳ್ಳೆಯ ಅಂದಾಜು. ಆದರೆ ಕೊನೆಯ ಸಾಲು ನೋಡಿ: ಸಾರತೆ ತುಂಬಾ ಇಳಿದಂತೆ ಹೆಚ್ಚು ಪಾಲು ಒಡೆದು, ಅದರ ನಡತೆ ಪ್ರಬಲ ಆಮ್ಲದ ಕಡೆಗೆ ವಾಲತೊಡಗುತ್ತದೆ.

ಸಲ್ಫ್ಯೂರಿಕ್ ಆಮ್ಲ ನಡುವಿನದು. ಮೊದಲ ಹೈಡ್ರೋಜನ್ ಪೂರ್ತಿ ಬಿಡುತ್ತದೆ, ಎರಡನೆಯದು ಭಾಗಶಃ. 0.1, 0.01, 0.001 ಮೋಲಾರ್‌ಗಳಿಗೆ ಪಿಎಚ್ ಸುಮಾರು 0.96, 1.85, 2.73. ಒಂದು ಮೆಟ್ಟಿಲಿಗೆ ತುಸು ಕಡಿಮೆ.

ಬಫರ್‌ಗೆ ನೀರು ಹಾಕಿದ್ರೆ ಪಿಎಚ್ ಬದಲಾಗಲ್ಲ ಅಂತ ಓದಿದ್ದೀವಿ. ಹಾಗಾದ್ರೆ ಎಷ್ಟು ಬೇಕಾದ್ರೂ ಹಾಕಬಹುದಾ?

ಪಿಎಚ್ ಹೆಚ್ಚು ಬದಲಾಗುವುದಿಲ್ಲ ಎಂಬುದು ಸರಿ, ಏಕೆಂದರೆ ಬಫರ್‌ನ ಪಿಎಚ್ ನಿಂತಿರುವುದು ಆಮ್ಲ ಮತ್ತು ಅದರ ಲವಣದ ಅನುಪಾತದ ಮೇಲೆ. ನೀರು ಎರಡನ್ನೂ ಒಂದೇ ಪ್ರಮಾಣದಲ್ಲಿ ಇಳಿಸುತ್ತದೆ. ಆದರೆ ತಡೆದುಕೊಳ್ಳುವ ಶಕ್ತಿ ಇಳಿದುಬಿಡುತ್ತದೆ, ನಷ್ಟ ಅಲ್ಲಿರುವುದು.

0.1 ಮೋಲಾರ್ ಅಸಿಟಿಕ್ ಆಮ್ಲ ಮತ್ತು 0.1 ಮೋಲಾರ್ ಸೋಡಿಯಂ ಅಸಿಟೇಟ್ ಇರುವ 100 ಮಿ.ಲೀ. ಬಫರ್‌ಗೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 1 ಮಿ.ಲೀ. ಹಾಕಿದರೆ ಪಿಎಚ್ ಇಳಿಯುವುದು 0.09 ಮಾತ್ರ. ಅದೇ ಬಫರನ್ನು ಹತ್ತು ಪಟ್ಟು ಸಾರರಿಕ್ತ ಮಾಡಿ, ಅದರ 100 ಮಿ.ಲೀ.ಗೆ ಅಷ್ಟೇ ಆಮ್ಲ ಹಾಕಿ: ಇದ್ದ ಅಸಿಟೇಟ್ ಪೂರ್ತಿ ಖರ್ಚಾಗಿ ಪಿಎಚ್ 3.2ಕ್ಕೆ ಬೀಳುತ್ತದೆ. ನೀರು ಹಾಕಿದಾಗ ಮೀಟರ್ ಏನನ್ನೂ ಹೇಳಲಿಲ್ಲ, ಬಫರ್ ಮಾತ್ರ ಒಳಗೊಳಗೇ ಸೊರಗಿತ್ತು.

ಇನ್ನು 'ಹೆಚ್ಚು ಬದಲಾಗುವುದಿಲ್ಲ' ಎಂದರೆ ಎಷ್ಟು? ಮೀಟರ್ ಹೊಂದಿಸಲು ಬಳಸುವ ಪ್ರಮಾಣಿತ ಬಫರ್‌ಗಳನ್ನು ಸಮಭಾಗ ನೀರಿನೊಂದಿಗೆ ಬೆರೆಸಿದರೆ 4.01ರದ್ದು ಸುಮಾರು 0.05 ಏರುತ್ತದೆ, 6.86ರದ್ದು 0.08, ಬೊರಾಕ್ಸ್‌ನ 9.18ರದ್ದು 0.01 ಮಾತ್ರ. ಅಯಾನುಗಳು ಒಂದನ್ನೊಂದು ಎಳೆದಾಡುವ ಬಲ ನೀರು ಹೆಚ್ಚಿದಂತೆ ಕಡಿಮೆಯಾಗುವುದೇ ಇದಕ್ಕೆ ಕಾರಣ. ಬಫರ್ ಮಾತ್ರೆಯನ್ನು 100 ಮಿ.ಲೀ. ಎಂದಿದ್ದಲ್ಲಿ 120ರಲ್ಲಿ ಕರಗಿಸಬೇಡಿ. ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿ ಹತ್ತು ಪಟ್ಟು ಗಟ್ಟಿಯ ಫಾಸ್ಫೇಟ್ ಲವಣ ಬಫರ್ ಇಡುವವರಿಗೆ ಇದು ದೊಡ್ಡ ವ್ಯತ್ಯಾಸ: ಸಾರರಿಕ್ತ ಮಾಡಿದಾಗ 7.4 ಬರುವ ದ್ರಾವಣ ಗಟ್ಟಿಯಿರುವಾಗ 6.8ರ ಆಸುಪಾಸು ತೋರಿಸುತ್ತದೆ. ಗಟ್ಟಿಯಿರುವಾಗಲೇ 7.4ಕ್ಕೆ ಹೊಂದಿಸಿದರೆ ಕೊನೆಯ ದ್ರಾವಣ ಕ್ಷಾರದ ಕಡೆಗೆ ಜಾರುತ್ತದೆ. ಆದ್ದರಿಂದ ಬಳಸುವ ಸಾರತೆಗೆ ತಂದ ಮೇಲೆಯೇ ಪಿಎಚ್ ನೋಡಿ.

ಅಡುಗೆ ಸೋಡಾ ನೀರು ಗಟ್ಟಿ ಇದ್ರೂ ತೆಳು ಇದ್ರೂ 8.3 ಸುತ್ತಾನೇ ಇರುತ್ತೆ. ಅದು ಬಫರ್ರಾ?

ಕಟ್ಟುನಿಟ್ಟಾಗಿ ಹೇಳುವುದಾದರೆ ಅಲ್ಲ. ಬೈಕಾರ್ಬೊನೇಟ್ ಆಮ್ಲವಾಗಿಯೂ ಪ್ರತ್ಯಾಮ್ಲವಾಗಿಯೂ ವರ್ತಿಸಬಲ್ಲದು. ಎರಡು ಗುಣಗಳ ಸ್ಥಿರಾಂಕಗಳು 6.35 ಮತ್ತು 10.33, ಪಿಎಚ್ ಇವೆರಡರ ನಡುಬಿಂದುವಿನಲ್ಲಿ, 8.34ರಲ್ಲಿ, ನಿಲ್ಲುತ್ತದೆ. ಈ ಲೆಕ್ಕದಲ್ಲಿ ಸಾರತೆಯೇ ಬರುವುದಿಲ್ಲ. ಆದರೆ 8.3ರಲ್ಲಿ ಅದರ ತಡೆಯುವ ಶಕ್ತಿ ತೀರಾ ಕಡಿಮೆ, ಹಾಗಾಗಿ ಮೀಟರ್ ಹೊಂದಿಸಲು ಅದನ್ನು ನಂಬಬೇಡಿ.

ಮಣ್ಣಿನ ಪಿಎಚ್ ಒಂದೊಂದು ಕಡೆ ಒಂದೊಂದು ಬರುತ್ತೆ. ನೀರಿನ ಪ್ರಮಾಣ ಕಾರಣಾನಾ?

ಅದೂ ಒಂದು ಮುಖ್ಯ ಕಾರಣ. ನಮ್ಮಲ್ಲಿ ರೂಢಿಯಲ್ಲಿರುವುದು 1:2.5 ಅನುಪಾತ, ಅಂದರೆ 20 ಗ್ರಾಂ ಮಣ್ಣಿಗೆ 50 ಮಿ.ಲೀ. ನೀರು. ನೀರು ಹೆಚ್ಚಿಸಿದರೆ ಮಣ್ಣಿನ ಕಣಗಳಿಗೆ ಅಂಟಿದ ಅಯಾನುಗಳ ಹಂಚಿಕೆ ಬದಲಾಗಿ ಸಾಮಾನ್ಯವಾಗಿ ಪಿಎಚ್ ಏರುತ್ತದೆ. ಚೌಳು ಮಣ್ಣಿನಲ್ಲಿ ಇದು ಹೆಚ್ಚು. ಕಣ್ಣಳತೆಯಲ್ಲಿ ನೀರು ಹಾಕಿ ಕಳೆದ ವರ್ಷದ ವರದಿಯೊಂದಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಮಣ್ಣನ್ನು ತೂಗಿ, ನೀರನ್ನು ಅಳೆದು, ಅರ್ಧ ಗಂಟೆ ಆಗಾಗ ಕಲಕಿ, ಆಮೇಲೆ ಅಳೆಯಿರಿ. ಈ ಏರುಪೇರು ತಗ್ಗಿಸಲು ಕೆಲವು ಪ್ರಯೋಗಾಲಯಗಳು ನೀರಿನ ಬದಲು 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತವೆ. ಆ ವಿಧಾನದ ಅಂಕಿ ಸಾಮಾನ್ಯವಾಗಿ ಕಡಿಮೆಯೇ ಬರುವುದರಿಂದ ವರದಿಯಲ್ಲಿ ವಿಧಾನ ಯಾವುದೆಂದು ನೋಡಿಕೊಳ್ಳಿ.

ತುಂಬಾ ತೆಳುವಾದ ದ್ರಾವಣದಲ್ಲಿ ಮೀಟರ್ ಅಂಕಿ ನಿಲ್ಲೋದೇ ಇಲ್ಲ, ಸೋಡಿಯಂ ಹೈಡ್ರಾಕ್ಸೈಡ್ ಕೂಡ 7ಕ್ಕಿಂತ ಕೆಳಗೆ ಹೋಗುತ್ತೆ. ಏನು ಮಾಡೋದು?

ಇಲ್ಲಿ ಎರಡು ತೊಂದರೆ ಕೂಡಿಕೊಂಡಿವೆ.

ಮೊದಲನೆಯದು ಗಾಳಿ. ಬಟ್ಟಿ ಇಳಿಸಿದ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು 5.6ರ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ 10⁻⁷ ಮೋಲಾರ್ ಆಮ್ಲದ 6.79 ಎಂಬ ಅಂಕಿಯನ್ನು ತೆರೆದ ಬೀಕರಿನಲ್ಲಿ ಕಾಣಲಾಗದು. 10⁻⁵ ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನ ಪಿಎಚ್ ಲೆಕ್ಕದ ಪ್ರಕಾರ 9. ತೆರೆದಿಟ್ಟು ಗಾಳಿಯೊಂದಿಗೆ ಸಮತೋಲಕ್ಕೆ ಬಂದಾಗ 6.2ರ ಸುತ್ತ. 7ನ್ನು ದಾಟಿಸಿದ್ದು ಗಾಳಿ, ಬೆರೆಸಿದ ನೀರಲ್ಲ. ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿ ತಣಿಸಿ, ಕತ್ತಿನವರೆಗೆ ತುಂಬಿದ ಬಾಟಲಿಯಲ್ಲಿ ದ್ರಾವಣ ಮಾಡಿ ತಕ್ಷಣ ಅಳೆಯಿರಿ. ಅಳೆಯುವ ಮೊದಲು ಪೂರ್ತಿ ತಣಿದಿರಲಿ: 60 ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ 6.5, ಆದರೂ ಅದು ತಟಸ್ಥವೇ.

ಎರಡನೆಯದು ಎಲೆಕ್ಟ್ರೋಡ್. ಅಯಾನುಗಳು ತೀರಾ ಕಡಿಮೆಯಿದ್ದಾಗ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಅಂಕಿ ತೇಲಾಡುತ್ತದೆ. 100 ಮಿ.ಲೀ. ಮಾದರಿಗೆ 0.3 ಮಿ.ಲೀ. ಸಂತೃಪ್ತ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಸೇರಿಸಿದರೆ ಅಂಕಿ ನಿಲ್ಲುತ್ತದೆ. ಔಷಧ ಕಾರ್ಖಾನೆಗಳಲ್ಲಿ ಶುದ್ಧ ನೀರಿನ ಪಿಎಚ್ ನೋಡುವುದೂ ಹೀಗೆಯೇ. ಪ್ರತಿ ಅಳತೆಯ ನಡುವೆ ಎಲೆಕ್ಟ್ರೋಡನ್ನು ಬಟ್ಟಿ ಇಳಿಸಿದ ನೀರಿನಿಂದ ತೊಳೆದು, ಉಜ್ಜದೆ ಮೆದು ಕಾಗದಕ್ಕೆ ತಾಗಿಸಿ ನೀರು ತೆಗೆಯಿರಿ. ಅಳೆಯುವಾಗ ಗಟ್ಟಿ ದ್ರಾವಣದಿಂದ ತೆಳುವಿಗೆ ಬರಬೇಡಿ, ತೆಳುವಿನಿಂದ ಗಟ್ಟಿಗೆ ಹೋಗಿ. ಅಂಟಿಕೊಂಡು ಬರುವ ಒಂದು ಹನಿಯೂ ತೆಳು ದ್ರಾವಣವನ್ನು ಕೆಡಿಸಬಲ್ಲದು. ಕೆಲಸ ಮುಗಿದ ಮೇಲೆ ಎಲೆಕ್ಟ್ರೋಡನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮುಳುಗಿಸಿಡಬೇಡಿ, ಒಳಗಿನ ಲವಣ ಸೋರಿಹೋಗುತ್ತದೆ. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿಡಿ.